ಮೇ ತಿಂಗಳ ಸ್ವೆಟರ್

ಶಿರಸಿಯಲ್ಲಿ ಮೇ ತಿಂಗಳ ಮಧ್ಯಾಹ್ನ ಯಾರೂ ಸ್ವೆಟರ್ ಹಾಕುವುದಿಲ್ಲ. ಅಪ್ಪ ಹಾಕಿಕೊಂಡು ಜಗಲಿಯಲ್ಲಿ ಕೂತಿದ್ದರು, ಮೇಲೊಂದು ಶಾಲು ಬೇರೆ. ಅಡಿಕೆ ಸುಲಿಯುವಾಗ ನಡುರಾತ್ರಿವರೆಗೂ ಕಥೆ ಹೇಳಿ ಆಳುಗಳ ನಿದ್ದೆ ಓಡಿಸುತ್ತಿದ್ದ ಮನುಷ್ಯ, ಈಗ ಮಾತಿನ ನಡುವೆಯೇ ತೂಕಡಿಸುತ್ತಿದ್ದರು. ದನಿಯೂ ದಪ್ಪವಾಗಿತ್ತು. ‘ವಯಸ್ಸಾಯ್ತಲ್ಲ’ ಅಂದಳು ಅಮ್ಮ. ನಾನೂ ಹೂಂಗುಟ್ಟಿದೆ.

ಹಿಂದಿನ ವರ್ಷ ಅವರಿಗೆ ಏಟ್ರಿಯಲ್ ಫಿಬ್ರಿಲೇಶನ್ ಆಗಿತ್ತು. ಎದೆಬಡಿತ ಅಡ್ಡಾದಿಡ್ಡಿ. ಅಮಿಯೋಡಾರೋನ್ ಎಂಬ ಮಾತ್ರೆ ಕೊಟ್ಟ ಮೇಲೆ ಹದಕ್ಕೆ ಬಂತು. ಜೊತೆಗೆ ರಕ್ತ ಹೆಪ್ಪುಗಟ್ಟದಿರಲು ವಾರ್ಫರಿನ್. ಅಮಿಯೋಡಾರೋನ್ ಸೇರಿದರೆ ವಾರ್ಫರಿನ್‌ನ ಜೋರು ಹೆಚ್ಚುತ್ತದೆ, ಒಸಡಲ್ಲಿ ರಕ್ತ ಬಂದರೆ ಓಡಿ ಬನ್ನಿ ಅಂದಿದ್ದರು ಹೃದಯದ ಡಾಕ್ಟರು. ಹಾಗಾಗಿ ನಮ್ಮ ಕಣ್ಣೆಲ್ಲ, ರಕ್ತ ಹೆಪ್ಪುಗಟ್ಟಲು ಎಷ್ಟು ಹೊತ್ತು ಹಿಡಿಯುತ್ತದೆಂದು ತೋರಿಸುವ ಐಎನ್‌ಆರ್ ಪರೀಕ್ಷೆಯ ಚೀಟಿಯ ಮೇಲೆ. ಥೈರಾಯ್ಡ್ ಎಂಬ ಮಾತು ಯಾರ ಬಾಯಲ್ಲೂ ಬಂದಿರಲಿಲ್ಲ.

ಬಂದದ್ದು ಕನ್ನಡಕ ಬದಲಿಸಲು ಹೋದಾಗ. ಕಣ್ಣಿನ ಡಾಕ್ಟರು ಯಂತ್ರದಲ್ಲಿ ಇಣುಕಿ, ‘ಅಮಿಯೋಡಾರೋನ್ ತಗೋತೀರಾ?’ ಅಂದರು. ಕಾರ್ನಿಯಾದ, ಅಂದರೆ ಕಣ್ಣಿನ ಮುಂದಿನ ಪಾರದರ್ಶಕ ಪದರದ ಮೇಲೆ ಬೆಕ್ಕಿನ ಮೀಸೆಯಂಥ ಕಂದು ಗೆರೆಗಳಂತೆ. ‘ಇದರಿಂದ ದೃಷ್ಟಿಗೆ ಸಾಮಾನ್ಯವಾಗಿ ತೊಂದರೆಯಿಲ್ಲ. ಥೈರಾಯ್ಡ್ ಯಾವಾಗ ನೋಡಿಸಿದ್ರಿ?’ ಅವರ ಕಣ್ಣು ಅಪ್ಪನ ಸ್ವೆಟರಿನ ಮೇಲಿತ್ತು.

ರಕ್ತಪರೀಕ್ಷೆಯಲ್ಲಿ ಟಿಎಸ್‌ಎಚ್ 41 ಬಂತು. ಥೈರಾಯ್ಡ್ ಮಂಕಾದರೆ ಏರುವ ಅಂಕಿ ಅದು; ಅಪ್ಪನ ಚಳಿ, ತೂಕಡಿಕೆ, ದಪ್ಪ ದನಿ ಎಲ್ಲ ಅದರದೇ. ಟಿಎಸ್‌ಎಚ್ ನಾಲ್ಕೈದರ ಒಳಗಿರಬೇಕಾದದ್ದು.

ಅಮಿಯೋಡಾರೋನಿನ 200 ಮಿಲಿಗ್ರಾಂ ಮಾತ್ರೆಯೊಂದರಲ್ಲಿ ಸುಮಾರು 75 ಮಿಲಿಗ್ರಾಂ ಅಯೋಡಿನ್ ಇರುತ್ತದೆ. ದೊಡ್ಡವರಿಗೆ ದಿನಕ್ಕೆ ಬೇಕಾದದ್ದು 0.15 ಮಿಲಿಗ್ರಾಂ. ಹತ್ತರಲ್ಲೊಂದು ಪಾಲು ಮೈಗೆ ಬಿಡುಗಡೆಯಾದರೂ 50 ಪಟ್ಟಾಯಿತು. ಕೆಲವರ ಥೈರಾಯ್ಡ್ ಇದರಿಂದ ಮಂಕಾಗುತ್ತದೆ, ಕೆಲವರದು ಕೆರಳುತ್ತದೆ. ಕೆರಳಿದರೆ ಎದೆಬಡಿತ ಮತ್ತೆ ಹಳೇ ಚಾಳಿಗೆ.

ನಾನು ಸಿಟ್ಟಲ್ಲಿ ಮಾತ್ರೆಯ ಪಟ್ಟಿಯನ್ನು ಹಿಡಿದುಕೊಂಡೇ ಹೃದಯದ ಡಾಕ್ಟರ ಹತ್ತಿರ ಹೋದೆ. ಇದನ್ನು ಇವತ್ತೇ ಬಿಸಾಕ್ತೇನೆ ಅಂದೆ. ‘ಬಿಸಾಕಿದರೆ ಮೈಯೊಳಗಿನದು ಹೋಗತ್ತಾ?’ ಅಂದರು ಅವರು. ಕೊಬ್ಬಿನಲ್ಲಿ ಸೇರಿಕೊಂಡದ್ದು ಖಾಲಿಯಾಗಲು ತಿಂಗಳುಗಳೇ ಬೇಕು. ಅಪ್ಪನ ಹೃದಯ ಹಿಡಿತದಲ್ಲಿರುವುದೂ ಅದರಿಂದಲೇ. ಅದನ್ನು ಮುಂದುವರಿಸಿ, ಬೆಳಿಗ್ಗೆ ಖಾಲಿ ಹೊಟ್ಟೆಗೆ ಥೈರಾಯ್ಡ್ ಮಾತ್ರೆ ಸೇರಿಸಿದರು. ಆರು ತಿಂಗಳಿಗೊಮ್ಮೆ ಥೈರಾಯ್ಡ್, ಲಿವರ್ ಪರೀಕ್ಷೆ. ಒಣಕೆಮ್ಮು, ಉಬ್ಬಸ ಬಂದರೆ ತಡಮಾಡದೆ ಬರಬೇಕು, ಶ್ವಾಸಕೋಶಕ್ಕೂ ಏಟು ಬೀಳಬಹುದು. ಎಲ್ಲ ಸರಿ, ಮೊದಲ ದಿನವೇ ಇದನ್ನು ಹೇಳಬಹುದಿತ್ತು ಅಂತ ನನಗೆ ಈಗಲೂ ಅನ್ನಿಸುತ್ತದೆ.

ಆಗಸ್ಟಿನಲ್ಲಿ, ಮಳೆ ಹೊಡೆಯುತ್ತಿದ್ದ ಸಂಜೆ ಫೋನ್ ಮಾಡಿದೆ. ‘ಸ್ವೆಟರ್ ಹಾಕ್ಕೊಂಡಿದೀರಾ?’

‘ನಿನ್ನಮ್ಮ ಹಾಕ್ಕೊಂಡಿದಾಳೆ’ ಅಂದರು ಅಪ್ಪ, ತಮ್ಮ ಹಳೆಯ ದನಿಯಲ್ಲಿ.