ಕೋಡಿಂಗ್ ಬರಲ್ಲ, ಪ್ರಾಡಕ್ಟ್ ಹೇಗೆ ಕಟ್ಟೋದು?

"ಐಡಿಯಾ ಇದೆ, ಆದ್ರೆ ಕೋಡಿಂಗ್ ಬರಲ್ಲ. ಟೆಕ್ನಿಕಲ್ ಕೋ-ಫೌಂಡರ್ ಸಿಗೋವರೆಗೂ ಕಾಯ್ಲಾ, ಇಲ್ಲ ಏಜೆನ್ಸಿಗೆ ದುಡ್ಡು ಕೊಟ್ಟು ಆ್ಯಪ್ ಮಾಡಿಸ್ಲಾ?" ನನ್ನ ಹತ್ರ ಅತಿ ಹೆಚ್ಚು ಜನ ಕೇಳೋ ಪ್ರಶ್ನೆ ಇದು. ಸದ್ಯಕ್ಕೆ ಎರಡೂ ಬೇಡ ಅಂತೀನಿ. ಆ ಆ್ಯಪ್ ಮಾಡ್ಬೇಕಾದ ಕೆಲಸಾನ ಮೊದ್ಲು ಹತ್ತು ಜನಕ್ಕೆ ನೀವೇ ಕೈಯಾರೆ ಮಾಡ್ಕೊಡಿ.

ನಾನು ಶುರು ಮಾಡಿದ್ದು ಮನೆಪಾಠ ಹೇಳೋ ಟೀಚರ್‌ಗಳನ್ನ ಮಕ್ಕಳ ಅಪ್ಪ-ಅಮ್ಮಂದಿರಿಗೆ ಹುಡುಕಿ ಕೊಡೋ ಕೆಲಸ. ಇದ್ದಿದ್ದು ಒಂದು ಗೂಗಲ್ ಫಾರ್ಮ್, ಉತ್ತರ ಬಂದು ಬೀಳೋಕೆ ಒಂದು ಶೀಟ್, ಮತ್ತೆ ವಾಟ್ಸಾಪ್. ಫಾರ್ಮ್‌ನಲ್ಲಿ 14 ಪ್ರಶ್ನೆ ಇಟ್ಟಿದ್ದೆ, ಲಿಂಕ್ ಕಳಿಸಿದ್ರೂ ಯಾರೂ ತುಂಬ್ತಿರ್ಲಿಲ್ಲ, 4ಕ್ಕೆ ಇಳಿಸಿದ್ಮೇಲೆ ಬರೋಕೆ ಶುರುವಾಯ್ತು. ದಿನಾ ಸಂಜೆ ಶೀಟ್ ಮುಂದೆ ಕೂತು ಒಂದೊಂದೇ ಸಾಲು ನೋಡಿ ಫೋನ್ ಮಾಡ್ತಿದ್ದೆ. ಟೀಚರ್‌ಗೆ ಸ್ಟಾರ್ ರೇಟಿಂಗ್ ಕೊಡೋದೇ ನನ್ನ ಪ್ರಾಡಕ್ಟ್‌ನ ಜೀವಾಳ ಅಂದ್ಕೊಂಡಿದ್ದೆ, ಆದ್ರೆ ಫೋನಲ್ಲಿ ಒಬ್ಬರೂ ರೇಟಿಂಗ್ ಬಗ್ಗೆ ಕೇಳ್ಲಿಲ್ಲ, ಎಲ್ಲರದ್ದೂ ಒಂದೇ ಮಾತು, "ಮೊದ್ಲು ಒಂದು ಕ್ಲಾಸ್ ನೋಡ್ಬಹುದಾ?" ಶೀಟ್‌ನ ಕೊನೇಲಿ "ಟ್ರಯಲ್" ಅಂತ ಒಂದು ಕಾಲಂ ಹಾಕ್ದೆ. ಕೆಲವೇ ವಾರದಲ್ಲಿ ಮಿಕ್ಕ ಎಲ್ಲ ಕಾಲಂಗಿಂತ ಅದೇ ತುಂಬ್ಕೊಂಡಿತ್ತು. ನಂಗೆ ಕೋಡಿಂಗ್ ಬಂದಿದ್ರೆ ತಿಂಗಳುಗಟ್ಟಲೆ ರೇಟಿಂಗ್ ಸಿಸ್ಟಂ ಕಟ್ತಾ ಕೂತಿರ್ತಿದ್ದೆ ಅಂತ ಈಗ್ಲೂ ಅನ್ಸುತ್ತೆ.

ದೊಡ್ಡವರೂ ಹೀಗೇ ಶುರು ಮಾಡಿದ್ದಾರೆ. 1999ರಲ್ಲಿ ಅಮೆರಿಕದ ಆನ್‌ಲೈನ್ ಶೂ ಅಂಗಡಿ ಜಾಪೋಸ್ ಶುರು ಮಾಡಿದ ನಿಕ್ ಸ್ವಿನ್‌ಮರ್ನ್ ಅಂಗಡಿಗಳಿಗೆ ಹೋಗಿ ಶೂ ಫೋಟೋ ತಕ್ಕೊಂಡು ಬಂದು ಸೈಟಿಗೆ ಹಾಕ್ತಿದ್ರು, ಆರ್ಡರ್ ಬಂದ್ರೆ ಅದೇ ಅಂಗಡೀಲಿ ಕೊಂಡು ಕಳಿಸ್ತಿದ್ರು, ಜನ ಆನ್‌ಲೈನಲ್ಲಿ ಶೂ ಕೊಳ್ತಾರಾ ಅನ್ನೋದು ಗೊತ್ತಾಗೋಕೆ ಗೋಡೌನ್ ಬೇಕಾಗ್ಲಿಲ್ಲ. ಹೊಸ ಹೊಸ ಪ್ರಾಡಕ್ಟ್‌ಗಳನ್ನ ಪರಿಚಯಿಸೋ ಪ್ರಾಡಕ್ಟ್ ಹಂಟ್ 2013ರಲ್ಲಿ ಬರೀ ಒಂದು ಈಮೇಲ್ ಲಿಸ್ಟ್ ಆಗಿತ್ತು, ಜನಕ್ಕೆ ಅದು ಹಿಡಿಸ್ತು ಅಂತ ಗೊತ್ತಾದ್ಮೇಲೆ ವೆಬ್‌ಸೈಟ್ ಬಂತು.

ಕೈಯಲ್ಲಿ ಮಾಡಿ ಮಾಡಿ ಸಾಕಾಯ್ತು ಅಂದಾಗ ನೋ-ಕೋಡ್ ಟೂಲ್‌ಗಳಿಗೆ, ಅಂದ್ರೆ ಕೋಡ್ ಬರೀದೇ ಆ್ಯಪ್ ಕಟ್ಟೋ ಟೂಲ್‌ಗಳಿಗೆ ಹೋಗಿ. ಶೀಟನ್ನೇ ಆ್ಯಪ್ ಥರ ತೋರಿಸೋಕೆ ಗ್ಲೈಡ್, ಫಾರ್ಮ್ ಬಂದ ತಕ್ಷಣ ತಾನಾಗೇ ಮೆಸೇಜ್ ಹೋಗೋಕೆ ಜೇಪಿಯರ್, ಲಾಗಿನ್, ಪೇಮೆಂಟ್ ಎಲ್ಲ ಬೇಕಂದ್ರೆ ಬಬಲ್. ಯಾವ್ದಾದ್ರೂ ಒಂದನ್ನ ಪೂರ್ತಿ ಕಲೀರಿ, ಸಾಕು.

ಈಗಂತೂ ಎಐಗೆ ಹೇಳಿದ್ರೆ ಅದೇ ಕೋಡ್ ಬರೆದುಕೊಡುತ್ತೆ, ಒಂದೇ ಸಂಜೇಲಿ ಡೆಮೋ ರೆಡಿ. ನಂಗೆ ಇದು ನಿಜವಾಗ್ಲೂ ಖುಷಿ ಕೊಡೋ ವಿಷಯ. ಆದ್ರೆ ಜನರ ಫೋನ್ ನಂಬರು, ಮಕ್ಕಳ ಹೆಸರು ಎಲ್ಲ ಅದರೊಳಗೆ ಹೋಗೋ ಮೊದ್ಲು ಒಂದು ಪರೀಕ್ಷೆ ಮಾಡಿ. ಎರಡು ಅಕೌಂಟ್ ಮಾಡ್ಕೊಳ್ಳಿ, ಮೊದಲನೇದ್ರಲ್ಲಿ ನಿಮ್ಮ ಪ್ರೊಫೈಲ್ ಪೇಜಿನ ಲಿಂಕ್ ಕಾಪಿ ಮಾಡಿ, ಬೇರೆ ಬ್ರೌಸರಲ್ಲಿ ಎರಡನೇ ಅಕೌಂಟಿಂದ ಲಾಗಿನ್ ಆಗಿ ಅದೇ ಲಿಂಕ್ ತೆಗೀರಿ. ಮೊದಲನೇ ಅಕೌಂಟಿನ ಮಾಹಿತಿ ಕಾಣಿಸ್ತಾ ಇದ್ರೆ ಲಾಂಚ್ ಮಾಡ್ಬೇಡಿ. ಕಾಣಿಸ್ಲಿಲ್ಲ ಅಂದ್ರೂ ಒಳಗೆ ಬೇರೆ ತೂತು ಇರ್ಬಹುದು, ಗೊತ್ತಿರೋ ಡೆವಲಪರ್ ಒಬ್ಬರಿಗೆ ಎರಡು ಗಂಟೆ ಸಂಬಳ ಕೊಟ್ಟು ನೋಡ್ಸಿ.

ಏಜೆನ್ಸಿಗೇ ಕೊಡ್ತೀನಿ ಅನ್ನೋರಿಗೆ ಒಂದು ಮಾತು: ಡೊಮೇನ್ (ಸೈಟಿನ ವಿಳಾಸ), ಕೋಡ್ ಇಡೋ ಗಿಟ್‌ಹಬ್ ಅಕೌಂಟ್, ಆ್ಯಪ್ ಓಡೋ ಸರ್ವರ್‌ನ ಅಕೌಂಟ್, ಮೂರೂ ಮೊದಲ ದಿನದಿಂದ್ಲೇ ನಿಮ್ಮ ಹೆಸರಲ್ಲಿರ್ಲಿ. ನನ್ನ ಸ್ನೇಹಿತೆಯೊಬ್ಬಳು ಇದನ್ನ ಮಾಡದೆ, ಜಗಳ ಆದ್ಮೇಲೆ ತನ್ನ ಪ್ರಾಡಕ್ಟನ್ನ ತಾನೇ ಮುಟ್ಟೋಕಾಗದೆ ಮೊದಲಿಂದ ಶುರು ಮಾಡ್ಬೇಕಾಯ್ತು.

ಕೊನೆಗೆ ನಾನು ಡೆವಲಪರ್ ಒಬ್ಬರ ಹತ್ರ ಹೋದಾಗ ಕೈಯಲ್ಲಿದ್ದಿದ್ದು ಆ ಶೀಟ್ ಒಂದೇ. ಅವರು ಒಂದೊಂದೇ ಕಾಲಂ ನೋಡ್ಕೊಂಡು ಹೋಗಿ, "ಟ್ರಯಲ್" ಹತ್ರ ನಿಲ್ಲಿಸಿ, "ಇದನ್ನ ಮೊದ್ಲು ಕಟ್ಟೋಣ" ಅಂದ್ರು.