ತರಕಾರಿ ಪ್ಯೂರಿ ಎಷ್ಟು ದಿನ ಇಡ್ಬೋದು ಅಂತ ಕೇಳೋರಿಗೆ

ಆರು ತಿಂಗಳ ಮಗು ಇರೋ ಯಾರೇ ಸಿಕ್ಕಿದ್ರೂ ನನ್ನ ಕೇಳೋದು ಇದನ್ನೇ, "ಭಾನುವಾರ ತರಕಾರಿ ಎಲ್ಲಾ ಬೇಯ್ಸಿ ರುಬ್ಬಿ ಫ್ರಿಜ್‌ನಲ್ಲಿ ಇಟ್ಬಿಟ್ರೆ ವಾರ ಪೂರ್ತಿ ಕೊಡ್ಬೋದಾ?" ಹೋದ್ವಾರ ಕೆಳಗಿನ ಮನೆ ಹುಡುಗಿನೂ ಮೆಟ್ಟಿಲ ಮೇಲೆ ನಿಲ್ಸಿ ಇದೇ ಕೇಳಿದ್ಲು. ಯಾಕೆ ಕೇಳ್ತಾರೆ ಅಂತ ನಂಗೆ ಚೆನ್ನಾಗಿ ಗೊತ್ತು. ಹೆರಿಗೆ ರಜೆ 26 ವಾರ, ಅಂದ್ರೆ ಆರು ತಿಂಗಳು, ಎದೆಹಾಲಿನ ಜೊತೆ ಮೇಲಿನ ಆಹಾರ ಶುರು ಮಾಡೋದೂ ಆರು ತಿಂಗಳಿಗೇ, ಹೆರಿಗೆಗೆ ಮುಂಚೆನೇ ಒಂದಿಷ್ಟು ರಜೆ ಹಾಕಿದ್ರಂತೂ ಮಗು ಮೊದಲ ತುತ್ತು ತಿನ್ನೋ ಹೊತ್ತಿಗೆ ಅಮ್ಮ ಆಗ್ಲೇ ಆಫೀಸಲ್ಲಿ ಇರ್ತಾಳೆ.

ನನ್ನ ಉತ್ತರ, ವಾರ ಇಡ್ಬೇಡಿ. ಫ್ರಿಜ್‌ನಲ್ಲಾದ್ರೆ ಎರಡು ದಿನ, ಸರಿಯಾಗಿ ಕೆಲಸ ಮಾಡೋ ಫ್ರೀಜರ್‌ನಲ್ಲಾದ್ರೆ ಒಂದು ತಿಂಗಳು. ಆದ್ರೆ ದಿನದ ಲೆಕ್ಕಕ್ಕಿಂತ ಜಾಸ್ತಿ ನಾನು ನೋಡೋದು ಒಲೆಯಿಂದ ಇಳ್ಸಿದ ಮೇಲಿನ ಮೊದಲ ಗಂಟೆನ. ಬೇಯ್ಸಿದ್ರೂ ಸಾಯದ ಬೀಜಾಣುಗಳು ಕೆಲವು ಇರ್ತವೆ, 5 ಡಿಗ್ರಿಯಿಂದ 60 ಡಿಗ್ರಿ ನಡುವಿನ ಬಿಸಿ ಅಂದ್ರೆ ಬ್ಯಾಕ್ಟೀರಿಯಾಗಳಿಗೆ ಹಬ್ಬ, ನಾವು "ಆರ್ಲಿ, ಆಮೇಲೆ ಇಡೋಣ" ಅಂತ ಪಾತ್ರೆ ಮುಚ್ಚಿ ಕಟ್ಟೆ ಮೇಲೆ ಬಿಟ್ರೆ ಅದು ಗಂಟೆಗಟ್ಟಲೆ ಆ ಬಿಸಿಯಲ್ಲೇ ಇರುತ್ತೆ. ಎರಡು ಗಂಟೆ ಮೀರಬಾರ್ದು, ಏಪ್ರಿಲ್ ಮೇ ಸೆಕೆಯಲ್ಲಿ ಒಂದೇ ಗಂಟೆ. ವಾಸನೆ ನೋಡಿದೆ ಚೆನ್ನಾಗೇ ಇತ್ತು ಅಂತಾರಲ್ಲ, ಹೊಟ್ಟೆ ಕೆಡ್ಸೋ ಎಷ್ಟೋ ಕ್ರಿಮಿಗಳಿಗೆ ವಾಸನೆನೇ ಇರಲ್ಲ.

ನಾನು ಮಾಡ್ತಿದ್ದಿದ್ದು ಹೀಗೆ. ಕಾಲು ಕೆಜಿ ಸಿಹಿಕುಂಬಳ, ಸಿಪ್ಪೆ ಬೀಜ ತೆಗ್ದು ಹೋಳು ಮಾಡಿ ಇಡ್ಲಿ ಪಾತ್ರೆಯಲ್ಲಿ ಹಬೆಗೆ ಇಡೋದು, ಬೆರಳಲ್ಲಿ ಒತ್ತಿದ್ರೆ ಬೆಣ್ಣೆ ಥರ ಕುಸೀಬೇಕು. ನೀರಲ್ಲಿ ಮುಳುಗ್ಸಿ ಬೇಯ್ಸಿದ್ರೆ ವಿಟಮಿನ್ ಸಿ ಸುಮಾರು ನೀರಿಗೆ ಇಳಿದು ಹೋಗುತ್ತೆ, ಹಾಗೆ ಬೇಯ್ಸಿದ್ರೆ ಆ ನೀರನ್ನೇ ಹಾಕಿ ಅರೀರಿ. ತೀರಾ ನೀರಾಗಿ ಮಾಡ್ಬೇಡಿ, ಚಮಚ ಓರೆ ಮಾಡಿದ್ರೂ ಸುರಿದು ಹೋಗದ ಹದ ಇರ್ಲಿ, ಪುಟ್ಟ ಹೊಟ್ಟೆ ನೀರಲ್ಲೇ ತುಂಬಬಾರ್ದು ಅಂತ. ಅರೆದಿದ್ದನ್ನ ಅಗಲವಾದ ಸ್ಟೀಲ್ ತಟ್ಟೆಗೆ ತೆಳ್ಳಗೆ ಹರಡಿ, ಆ ತಟ್ಟೆನ ತಣ್ಣೀರು ತುಂಬಿದ ಬೇಸಿನ್‌ನಲ್ಲಿ ಕೂರ್ಸಿದ್ರೆ ಇಪ್ಪತ್ತು ನಿಮಿಷದಲ್ಲಿ ತಣ್ಣಗಾಗುತ್ತೆ, ತಕ್ಷಣ ಮುಚ್ಚಳ ಇರೋ ಐಸ್ ಟ್ರೇಗೆ ತುಂಬಿ ಫ್ರೀಜರ್‌ಗೆ. ಗಟ್ಟಿ ಆದ್ಮೇಲೆ ಡಬ್ಬಿಗೆ ಹಾಕಿ ತಾರೀಖು ಬರೆದು ಅಂಟ್ಸೋದು. ಶುರುವಿನಲ್ಲಿ ಒಂದು ಊಟಕ್ಕೆ ಎರಡು ಮೂರು ಚಮಚ ಸಾಕು, ಒಂದೆರಡು ಕ್ಯೂಬಲ್ಲಿ ಮುಗೀತು.

ಫ್ರೀಜರ್ ಬಗ್ಗೆ ಯಾರೂ ಹೇಳಲ್ಲ. ತಿಂಗಳ ಲೆಕ್ಕ ಇರೋದು ಮೈನಸ್ 18 ಡಿಗ್ರಿಗೆ. ನಮ್ಮಲ್ಲಿ ಎಷ್ಟೋ ಮನೇಲಿ ಇರೋದು ಸಿಂಗಲ್ ಡೋರ್, ಒಳಗಡೆ ಪುಟ್ಟ ಐಸ್ ಪೆಟ್ಟಿಗೆ, ಹಾಲಿಗೆ ಮೊಸರಿಗೆ ಅಂತ ದಿನಕ್ಕೆ ಐವತ್ತು ಸಲ ಬಾಗಿಲು ತೆಗೀತೀವಿ, ಅಷ್ಟು ತಣ್ಣಗೆ ಇರೋದೇ ಕಷ್ಟ, ಅಂಥದ್ರಲ್ಲಿ ಒಂದು ವಾರದೊಳಗೆ ಖಾಲಿ ಮಾಡಿ. ಮೇಲೆ ಕರೆಂಟ್ ಬೇರೆ ಹೋಗುತ್ತೆ. ಅದಕ್ಕೆ ಒಂದು ಲೋಟ ನೀರು ಫ್ರೀಜ್ ಮಾಡಿ ಮೇಲೆ ಒಂದು ರೂಪಾಯಿ ನಾಣ್ಯ ಇಡಿ. ನೀವು ಊರಲ್ಲಿಲ್ದಾಗ ಐಸ್ ಕರಗಿ ಮತ್ತೆ ಗಟ್ಟಿ ಆಗಿದ್ರೆ ನಾಣ್ಯ ಕೆಳಗೆ ಇಳಿದಿರುತ್ತೆ. ನಾನು ಒಂದು ಸಲ ಊರಿಂದ ಬಂದು ನೋಡಿದ್ರೆ ನಾಣ್ಯ ಲೋಟದ ತಳದಲ್ಲಿತ್ತು, ಕ್ಯೂಬ್ ನೋಡೋಕೆ ಹೊಸದರ ಥರಾನೇ ಇದ್ವು, ಅಷ್ಟನ್ನೂ ಚೆಲ್ಲಿದೆ.

ಪಾಲಕ್, ಬೀಟ್‌ರೂಟ್ ಮಾತ್ರ ಇಡೋದೇ ಬೇಡ, ಅವತ್ತು ಮಾಡಿ ಅವತ್ತೇ ಕೊಡಿ. ಅವುಗಳಲ್ಲಿ ನೈಟ್ರೇಟ್ ಜಾಸ್ತಿ, ಬೇಯ್ಸಿ ಇಟ್ಟಷ್ಟೂ ಅದು ನೈಟ್ರೈಟ್ ಆಗ್ಬೋದು, ಅದು ಜಾಸ್ತಿ ಆದ್ರೆ ರಕ್ತ ಆಮ್ಲಜನಕ ಹೊರೋದಕ್ಕೆ ಅಡ್ಡಿ. ಅಂದಹಾಗೆ ಬೀಟ್‌ರೂಟ್ ತಿಂದ ಮಾರನೇ ದಿನ ಡೈಪರ್ ಕೆಂಪಗಿದ್ರೆ ಗಾಬರಿ ಆಗ್ಬೇಡಿ.

ಕೊಡೋವಾಗ ಹಿಂದಿನ ರಾತ್ರಿನೇ ಕ್ಯೂಬ್ ಫ್ರೀಜರ್‌ನಿಂದ ಕೆಳಗೆ ಫ್ರಿಜ್‌ಗೆ ಇಳ್ಸಿ, ಬೆಳಿಗ್ಗೆ ಹಬೆ ಬರೋವರ್ಗೂ ಬಿಸಿ ಮಾಡಿ, ಆರ್ಸಿ, ಕಲ್ಸಿ, ಕೈ ಹಿಂಭಾಗಕ್ಕೆ ಹಚ್ಚಿ ನೋಡಿ ಕೊಡಿ. ಮತ್ತೆ ಫ್ರೀಜ್ ಮಾಡೋಹಾಗಿಲ್ಲ. ಮಗು ಬಾಯಿಗೆ ಹೋದ ಚಮಚ ಮುಳುಗಿದ ಬಟ್ಟಲಲ್ಲಿ ಎಷ್ಟೇ ಉಳೀಲಿ, ಚೆಲ್ಲಿ. ಎಂಜಲು ಸೇರಿದ್ದು ಇಟ್ರೆ ಬೇಗ ಕೆಡುತ್ತೆ. ಅದಕ್ಕೇ ಬೇರೆ ಬಟ್ಟಲಿಗೆ ಸ್ವಲ್ಪ ಸ್ವಲ್ಪ ಹಾಕ್ಕೊಳ್ಳೋದು.

ಮನೆ ಹಿರಿಯರು ಉಪ್ಪಿಲ್ದೆ ಬೆಲ್ಲ ಇಲ್ದೆ ಪಾಪ ಅದು ಹೇಗೆ ತಿನ್ನುತ್ತೆ ಅಂತಾರೆ. ವರ್ಷ ತುಂಬೋವರ್ಗೂ ಎರಡೂ ಬೇಡ, ಜೇನುತುಪ್ಪ ಅಂತೂ ನೆಕ್ಕಿಸ್ಲೂ ಬೇಡಿ, ಬಾಟುಲಿಸಂ ಅನ್ನೋ ಗಂಭೀರ ಕಾಯಿಲೆ ಬರೋ ಅಪಾಯ ಇದೆ. ಆದ್ರೆ ಹಿರಿಯರ ರಾಗಿ ಸರಿನ ಬಿಡ್ಬೇಡಿ. ಹುಟ್ಟುವಾಗ ತಂದ ಕಬ್ಬಿಣದ ದಾಸ್ತಾನು ಆರು ತಿಂಗಳ ಹೊತ್ತಿಗೆ ಕರಗ್ತಾ ಬರುತ್ತೆ, ಬರೀ ಕುಂಬಳ ಕ್ಯಾರೆಟ್ ಅದನ್ನ ತುಂಬಲ್ಲ. ಕ್ಯೂಬ್‌ನ ರಾಗಿ ಸರಿಗೋ ಬೆಂದ ಹೆಸರುಬೇಳೆಗೋ ಕಲ್ಸಿ, ಅರ್ಧ ಚಮಚ ತುಪ್ಪ ಹಾಕಿ, ತಿನ್ನೋರ ಮನೆ ಆದ್ರೆ ಚೆನ್ನಾಗಿ ಬೆಂದ ಮೊಟ್ಟೆನೂ ಕೊಡಿ.

ಇನ್ನೊಂದು, ತಿಂಗಳಿಗಾಗೋಷ್ಟು ಮಾಡಿಟ್ರೆ ನಷ್ಟ ನಿಮಗೇನೆ. ಆರು ತಿಂಗಳಲ್ಲಿ ನುಣ್ಣಗಿದ್ದಿದ್ದು ಏಳಕ್ಕೆ ತರಿತರಿ ಆಗ್ಬೇಕು, ಎಂಟಕ್ಕೆ ಕೈಲಿ ಹಿಡಿದು ತಿನ್ನೋ ಮೆತ್ತನೆ ತುಂಡು. ಆಗ ಮಿಕ್ಸಿಗೆ ಹಾಕಿದ ಕ್ಯೂಬ್ ಯಾರಿಗೂ ಬೇಡ. ಏಳು ತಿಂಗಳ ಮೇಲೆ ನಾನು ಕ್ಯೂಬ್ ಇಟ್ಟಿದ್ದು ತೀರಾ ಅರ್ಜೆಂಟ್ ದಿನಕ್ಕೆ ಮಾತ್ರ. ಬೆಳಿಗ್ಗೆ ಹುಳಿಗೆ ಕುಕ್ಕರ್ ಇಡ್ತೀವಲ್ಲ, ಬೇಳೆ ಪಾತ್ರೆ ಮೇಲೆ ಒಂದು ಪುಟ್ಟ ಡಬ್ಬಿಯಲ್ಲಿ ಅದೇ ಸೀಮೆಬದನೆ, ಅದೇ ಬೀನ್ಸ್ ನಾಲ್ಕು ತುಂಡು, ಹುಳಿಪುಡಿ ಉಪ್ಪು ಹಾಕೋ ಮುಂಚೆ ಎರಡು ಸೌಟು ಬೇಳೆ ಪಕ್ಕಕ್ಕೆ, ಫೋರ್ಕಲ್ಲಿ ಕಿವುಚಿದ್ರೆ ಆಯ್ತು.

ಕೆಳಗಿನ ಮನೆ ಹುಡುಗಿ ಸೋಮವಾರದಿಂದ ಕೆಲ್ಸಕ್ಕೆ ಹೋಗ್ತಾಳೆ. ನನ್ನ ಐಸ್ ಟ್ರೇ ತೊಳೆದು ಕೊಟ್ಟಿದೀನಿ, ಒಂದು ರೂಪಾಯಿ ನಾಣ್ಯನೂ.