ಅಜ್ಜನ ರ‍್ಯಾಲಿ ಸೈಕಲ್ಲು ಇಂಗ್ಲೆಂಡಿನದೇ?

ಹಳೆಯ ಸೈಕಲ್ಲುಗಳ ಹುಚ್ಚು ನನಗಿದೆಯೆಂದು ತಿಳಿದವರೆಲ್ಲ ಒಂದಲ್ಲ ಒಂದು ದಿನ ಕೇಳುವ ಪ್ರಶ್ನೆ ಇದು: "ನಮ್ಮಜ್ಜನ ರ‍್ಯಾಲಿ ಸೈಕಲ್ಲು ಇನ್ನೂ ಮನೆಯಲ್ಲಿದೆ, ಅದು ಇಂಗ್ಲೆಂಡಿನ ಅಸಲಿ ಮಾಲೇ?" ಇರಬಹುದು, ಇಲ್ಲದೆಯೂ ಇರಬಹುದು ಎಂಬುದೇ ನನ್ನ ಉತ್ತರ, ಅದಕ್ಕೆ ಕಾರಣ ಆ ಕಂಪನಿಯ ಚರಿತ್ರೆಯಲ್ಲಿದೆ.

ಇಂಗ್ಲೆಂಡಿನ ನಾಟಿಂಗ್‌ಹ್ಯಾಮ್ ನಗರದ ರ‍್ಯಾಲಿ ಬೀದಿಯಲ್ಲಿ ಮೂವರು ಪಾಲುದಾರರು ನಡೆಸುತ್ತಿದ್ದ, ವಾರಕ್ಕೆ ಮೂರೇ ಸೈಕಲ್ಲು ಹೊರಬರುತ್ತಿದ್ದ ಪುಟ್ಟ ಕಾರ್ಖಾನೆಗೆ, ಹಾಂಗ್‌ಕಾಂಗ್‌ನಲ್ಲಿ ಹಣ ಗಳಿಸಿ ಊರಿಗೆ ಮರಳಿದ್ದ ಫ್ರ್ಯಾಂಕ್ ಬೌಡನ್ ಬಂಡವಾಳ ಹೂಡಿ, 1888ರಲ್ಲಿ ಕಂಪನಿಯನ್ನು ಕಟ್ಟಿದರು. ಕಾಯಿಲೆ ಬಿದ್ದಾಗ ವೈದ್ಯರ ಸಲಹೆಯಂತೆ ಸೈಕಲ್ ತುಳಿದು ಚೇತರಿಸಿಕೊಂಡ ಮೇಲೆ ಅವರಿಗೆ ಈ ಉದ್ಯಮ ಹಿಡಿಸಿತು ಎಂಬ ಕಥೆಯಿದೆ. ಜಾಹೀರಾತಿಗೆ ಇದಕ್ಕಿಂತ ಒಳ್ಳೆಯ ಕಥೆ ಸಿಗುವುದು ಕಷ್ಟ. 1896ರ ಹೊತ್ತಿಗೆ ಅದು ಜಗತ್ತಿನ ಅತಿ ದೊಡ್ಡ ಸೈಕಲ್ ಕಾರ್ಖಾನೆಯಾಗಿತ್ತು.

ನನ್ನ ಮಟ್ಟಿಗೆ ರ‍್ಯಾಲಿಯ ನಿಜವಾದ ಹೆಗ್ಗಳಿಕೆ 1902ರ ಸ್ಟರ್ಮಿ-ಆರ್ಚರ್ ಹಬ್. ಹಿಂಚಕ್ರದ ಹಬ್ಬಿನೊಳಗೇ, ಅಂದರೆ ಚಕ್ರದ ನಡುವಿನ ಗುಂಬದೊಳಗೇ, ಮೂರು ಗೇರುಗಳನ್ನು ಅಡಗಿಸಿ, ಮಳೆ ಧೂಳುಗಳಿಂದ ಕಾಪಾಡಿದ ಈ ಸಾಧನದ ವಿನ್ಯಾಸದಲ್ಲಿ ವಿಲಿಯಂ ರೈಲಿಯವರ ಪಾಲು ದೊಡ್ಡದಾದರೂ, ಹೆಸರಿನಲ್ಲಿ ಮಾತ್ರ ಅವರಿಗೆ ಜಾಗ ಸಿಗಲಿಲ್ಲ.

ಹಂಬರ್, ರಡ್ಜ್, ಟ್ರಯಂಫ್, ಬಿಎಸ್‌ಎ ಸೈಕಲ್ಲುಗಳೆಲ್ಲ ಒಂದೊಂದಾಗಿ ರ‍್ಯಾಲಿಯ ಕೈಸೇರಿದವು. ಆದರೆ ಬ್ರಿಟನ್ನಿನ ಜನ ಕಾರು, ಸ್ಕೂಟರುಗಳತ್ತ ತಿರುಗಿದಂತೆ ಮಾರಾಟ ಕುಗ್ಗಿ, 1960ರಲ್ಲಿ ರ‍್ಯಾಲಿಯೇ ಟ್ಯೂಬ್ ಇನ್ವೆಸ್ಟ್‌ಮೆಂಟ್ಸ್ ಎಂಬ ಸಂಸ್ಥೆಯ ಪಾಲಾಯಿತು. 1970ರ ದಶಕದ ಚಾಪರ್ ಎಂಬ ಸೈಕಲ್ಲು ಅಲ್ಲಿನ ಹುಡುಗರನ್ನು ಮರುಳುಮಾಡಿತು; 1980ರಲ್ಲಿ ರ‍್ಯಾಲಿ ತಂಡದ ಯೋಪ್ ಝೂಟಮೆಲ್ಕ್ ಟೂರ್ ದ ಫ್ರಾನ್ಸ್ ಸೈಕಲ್ ಪಂದ್ಯ ಗೆದ್ದರು. ಇವು ಯಾವುವೂ ಕಾರ್ಖಾನೆಯನ್ನು ಉಳಿಸಲಿಲ್ಲ. 2002ರ ಕೊನೆಗೆ ನಾಟಿಂಗ್‌ಹ್ಯಾಮ್‌ನಲ್ಲಿ ಸೈಕಲ್ ಜೋಡಣೆಯೂ ನಿಂತಿತು.

ಇನ್ನು ಅಜ್ಜನ ಸೈಕಲ್ಲು. ಸ್ವಾತಂತ್ರ್ಯಾನಂತರ ಸುಧೀರ್ ಕುಮಾರ್ ಸೆನ್ ಅವರು ರ‍್ಯಾಲಿಯ ಸಹಯೋಗದಲ್ಲಿ ಪಶ್ಚಿಮ ಬಂಗಾಳದ ಆಸನ್ಸೋಲ್‌ನಲ್ಲಿ ಸೆನ್-ರ‍್ಯಾಲಿ ಕಾರ್ಖಾನೆ ತೆರೆದಿದ್ದರಿಂದ, 1950ರ ದಶಕದ ನಂತರ ಕೊಂಡದ್ದಾದರೆ ಅದು ಅಲ್ಲಿಯದಾಗಿರುವ ಸಾಧ್ಯತೆಯೇ ಹೆಚ್ಚು. ಹ್ಯಾಂಡಲ್ಲಿನ ಕೆಳಗಿರುವ ಕೊಕ್ಕರೆ ತಲೆಯ ಬಿಲ್ಲೆಯನ್ನು ಓದಿ, ಆದರೆ ಅದನ್ನೊಂದನ್ನೇ ನಂಬಬೇಡಿ, ಬಿಲ್ಲೆ ಬದಲಾಗಿರಬಹುದು. ಹಿಂದಿನ ಹಬ್ ಸ್ಟರ್ಮಿ-ಆರ್ಚರ್ ಆಗಿದ್ದರೆ ಜಿಡ್ಡು ಒರೆಸಿ ನೋಡಿ. ಸಾಮಾನ್ಯವಾಗಿ ಅದರ ಮೇಲೆ ತಯಾರಾದ ವರ್ಷದ ಅಂಕಿ ಕೊರೆದಿರುತ್ತದೆ.